ಕೋಲಾರದ ಕೆರೆ ದಡದಲ್ಲಿ ಒಂದು ರಾತ್ರಿ: ನೀರು ಕುದಿಸಿದರೆ ಸಾಕೇ?

ಚಳಿಗಾಲ ಶುರುವಾದರೆ ಸಾಕು, ಬೆಂಗಳೂರಿನ ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ಎಲ್ಲಾದರೂ ನೀರಿನ ಪಕ್ಕ ಟೆಂಟ್ ಹಾಕಿ ಒಂದು ರಾತ್ರಿ ಕಳೆದು ಬರೋಣ. ಕಬಿನಿಗೋ ಕೊಡಗಿಗೋ ಹೋಗುವಷ್ಟು ರಜೆ ಇಲ್ಲದವರ ಕಣ್ಣು ಕೋಲಾರದ ಕಡೆ ತಿರುಗುತ್ತದೆ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ. ಬಂಡೆ ಬೆಟ್ಟಗಳಿವೆ, ಮಾವಿನ ತೋಟಗಳಿವೆ. ಜಿಲ್ಲೆಯಲ್ಲಿ ಸಣ್ಣದು ದೊಡ್ಡದು ಸೇರಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ತೋಟದ ಮನೆಗಳನ್ನು, ಮರದ ಕ್ಯಾಬಿನ್‌ಗಳನ್ನು ಬಾಡಿಗೆಗೆ ಕೊಡುವವರೂ ಈಗ ಕಡಿಮೆಯೇನಿಲ್ಲ.

ಇಂತಹ ಪ್ರವಾಸಕ್ಕೆ ಹೊರಡುವವರು ಕೇಳುವ ಪ್ರಶ್ನೆಗಳೂ ಅವರಿಗೆ ಸಿಗುವ ಉತ್ತರಗಳೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ನೀರು ಕುಡಿಯಬಹುದಾ? ಕುದಿಸಿದರೆ ಆಯಿತು. ಹಾವು ಬರುತ್ತಾ? ಸುತ್ತ ಉಪ್ಪು ಹಾಕಿ. ಸೊಳ್ಳೆ? ಬೆಂಕಿ ಹೊಗೆ ಇದ್ದರೆ ಬರಲ್ಲ. ಚಳಿ? ಕೆಂಡ ಒಳಗೆ ಇಟ್ಟುಕೊಳ್ಳಿ. ಈ ನಾಲ್ಕು ಉತ್ತರಗಳಲ್ಲಿ ಒಂದು ಅರ್ಧ ಸರಿ, ಎರಡು ತಪ್ಪು, ಒಂದು ಪ್ರಾಣ ತೆಗೆಯಬಲ್ಲದ್ದು. ಒಂದೊಂದಾಗಿ ನೋಡೋಣ.

ಮೊದಲು ತಿಳಿಯಬೇಕಾದದ್ದು: ಇದು ಪಾರ್ಕ್ ಅಲ್ಲ

ಅಮೆರಿಕದಲ್ಲಿರುವ ನೆಂಟರು ಕಳಿಸುವ ಸ್ಟೇಟ್ ಪಾರ್ಕ್ ಫೋಟೊಗಳನ್ನು ನೀವೂ ನೋಡಿರಬಹುದು. ಸರೋವರದ ಪಕ್ಕ ಸಂಖ್ಯೆ ಬರೆದ ಟೆಂಟ್ ಜಾಗ, ಕುಡಿಯುವ ನೀರಿನ ನಲ್ಲಿ, ಬೆಂಕಿ ಹಾಕಲು ಕಬ್ಬಿಣದ ಉಂಗುರ, ಸುತ್ತಾಡುವ ರೇಂಜರ್. ಅಂತಹ ಅನೇಕ ಪಾರ್ಕ್‌ಗಳಲ್ಲಿ ಈಜುವ ನೀರಿನಲ್ಲಿ ಇ.ಕೋಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಪರೀಕ್ಷಿಸಿ, ಹೆಚ್ಚಿದ್ದರೆ ಆ ದಿನ ಈಜು ನಿಲ್ಲಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಹತ್ತಿರದ ವ್ಯವಸ್ಥೆ ಎಂದರೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು. ಕಬಿನಿ ಹಿನ್ನೀರಿನ ದಡದಲ್ಲಿರುವ ಲಾಡ್ಜ್, ಕಾವೇರಿ ದಡದ ಗಾಳಿಬೋರೆಯ ಟೆಂಟ್‌ಗಳು ಈ ಸಾಲಿಗೆ ಸೇರುತ್ತವೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆರೆಗಳು ಹಾಗಲ್ಲ. ಅವು ಬೇಸಾಯಕ್ಕೆ, ದನಕರುಗಳಿಗೆ, ಅಂತರ್ಜಲಕ್ಕೆಂದು ಕಟ್ಟಿದ ಕೆರೆಗಳು. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳನ್ನು ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕವು ಪಂಚಾಯಿತಿಗಳದ್ದು. ಬೆಟ್ಟದ ಬುಡದ ಕೆಲವು ಜಾಗ ಅರಣ್ಯ ಇಲಾಖೆಯದ್ದು, ಅಲ್ಲಿ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಯಾವ ಕೆರೆಯ ದಡದಲ್ಲೂ "ಇಲ್ಲಿ ಟೆಂಟ್ ಹಾಕಬಹುದು" ಎಂಬ ಫಲಕ ಇರುವುದಿಲ್ಲ. ಹಾಗಾಗಿ ಪಾರ್ಕಿನ ಕಚೇರಿ ನಿಮ್ಮ ಪರವಾಗಿ ಮಾಡಿಟ್ಟಿರುವ ಕೆಲಸಗಳನ್ನೆಲ್ಲ ಇಲ್ಲಿ ನೀವೇ ಮಾಡಬೇಕು. ನೀರು ಎಂಥದ್ದು, ಜಾಗ ಎಂಥದ್ದು, ಆಸ್ಪತ್ರೆ ಎಷ್ಟು ದೂರ, ಯಾರನ್ನು ಕೇಳಬೇಕು, ಎಲ್ಲವನ್ನೂ.

ಯಾರನ್ನು ಕೇಳಬೇಕು ಎಂಬುದಕ್ಕೆ ಕೋಲಾರದಲ್ಲಿ ಹಳೆಯ ಉತ್ತರವೊಂದಿದೆ: ನೀರಗಂಟಿ. ಕೆರೆಯ ತೂಬು ತೆಗೆದು ಮುಚ್ಚುವ, ಗದ್ದೆಗಳಿಗೆ ಸರದಿಯಂತೆ ನೀರು ಹಂಚುವ ಕೆಲಸ ಮಾಡುತ್ತಿದ್ದವರು ಇವರು. ಭತ್ತದ ಗದ್ದೆಗಳು ಕಡಿಮೆಯಾದಂತೆ ಆ ಕೆಲಸವೂ ಕಡಿಮೆಯಾಗಿದೆ, ಆದರೆ ಊರಿನ ಹಿರಿಯರಿಗೆ ಕೆರೆಯ ಗುಣ ಗೊತ್ತಿರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾಗಿರುವ ಊರುಗಳು ಬಹಳ. "ಚೆರುವು" ಎಂದು ಕೇಳಿದರೆ ಮಾತು ಬೇಗ ಮುಂದುವರಿಯುತ್ತದೆ.

ಟೆಂಟ್ ಎಲ್ಲಿ? ಕೆರೆಯನ್ನು ಓದಲು ಕಲಿಯಿರಿ

"ಕೆರೆ ಒಣಗಿದೆ, ಒಳಗೇ ಟೆಂಟ್ ಹಾಕಬಹುದು" ಎಂಬ ಮಾತು ಬೇಸಿಗೆಯ ಕೊನೆಯಲ್ಲಿ ಕೇಳಿಸುತ್ತದೆ. ನೆಲ ಸಮತಟ್ಟು, ಮುಳ್ಳಿಲ್ಲ, ಆಕಾಶ ಪೂರ್ತಿ ಕಾಣುತ್ತದೆ, ನಿಜ. ಆದರೆ ಕೋಲಾರದ ಕೆರೆಗಳು ಒಂಟಿಯಾಗಿಲ್ಲ, ಸರಪಳಿಯಂತಿವೆ. ಮೇಲಿನ ಕೆರೆ ತುಂಬಿದರೆ ಅದರ ಕೋಡಿ ಬಿದ್ದು ಹೆಚ್ಚಿನ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಬರುತ್ತದೆ. ಅಂದರೆ ನಿಮ್ಮ ತಲೆಯ ಮೇಲೆ ನಕ್ಷತ್ರಗಳಿದ್ದರೂ, ಮೇಲಿನ ಊರಿನಲ್ಲಿ ಸುರಿದ ಮಳೆ ನಡುರಾತ್ರಿ ನಿಮ್ಮ ಹಾಸಿಗೆಯ ತನಕ ಬರಬಹುದು. ಕೋಲಾರದಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಅದೂ ಹೆಚ್ಚಾಗಿ ಸಂಜೆಯ ಮೇಲೆ. 2021ರ ನವೆಂಬರ್‌ನಲ್ಲಿ ಸುರಿದ ಭಾರಿ ಮಳೆಗೆ ಎಷ್ಟೋ ವರ್ಷ ಬತ್ತಿದ್ದ ಕೆರೆಗಳೂ ಕೋಡಿ ಬಿದ್ದಿದ್ದನ್ನು ಜಿಲ್ಲೆಯವರು ಮರೆತಿಲ್ಲ.

ಕೆರೆಗೆ ಒಂದು ಕಡೆ ಮಣ್ಣಿನ ಏರಿ, ಅದರಲ್ಲಿ ತೂಬು, ಏರಿಯ ತುದಿಯಲ್ಲಿ ತಗ್ಗಾಗಿ ಕಟ್ಟಿದ ಕೋಡಿ, ಎದುರು ಬದಿಯಲ್ಲಿ ನೀರು ಒಳಬರುವ ಕಾಲುವೆಗಳು ಇರುತ್ತವೆ. ಟೆಂಟ್‌ಗೆ ಈ ನಾಲ್ಕೂ ಬೇಡ. ಏರಿಯ ಮೇಲೆ ಗೂಟ ಹೊಡೆಯುವುದು ಏರಿಗೂ ಒಳ್ಳೆಯದಲ್ಲ, ಅದರ ಕಲ್ಲು ಸಂದುಗಳು ಹಾವುಗಳಿಗೆ ಪ್ರಿಯ. ಕೋಡಿಯ ಕೆಳಗೆ ಮತ್ತು ಒಳಹರಿವಿನ ಕಾಲುವೆಯ ಬಾಯಲ್ಲಿ ನೀರು ದಿಢೀರ್ ಏರುತ್ತದೆ. ಕಸ, ಕಡ್ಡಿ, ಒಣಗಿದ ಪಾಚಿ ಸಾಲಾಗಿ ನಿಂತಿರುವ ಗೆರೆ ಎಲ್ಲಿದೆ ನೋಡಿ. ನೀರು ಕಳೆದ ಬಾರಿ ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಅದಕ್ಕಿಂತ ಎತ್ತರದಲ್ಲಿ, ಪಕ್ಕದ ದಿಣ್ಣೆಯಲ್ಲಿ, ಜಮೀನಿನವರ ಒಪ್ಪಿಗೆ ಪಡೆದು ಟೆಂಟ್ ಹಾಕಿ. ಕಾರನ್ನು ಅಂಗಳಕ್ಕೆ ಇಳಿಸಬೇಡಿ. ಮೇಲೆ ಬಿರುಕು ಬಿಟ್ಟ ಜೇಡಿಮಣ್ಣಿನ ಕೆಳಗೆ ಇನ್ನೂ ಕೆಸರಿರುತ್ತದೆ. ಟ್ರ್ಯಾಕ್ಟರ್ ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ.

ಮಾಲೂರಿನ ಕಡೆಗೆ ಹೋಗುವವರಿಗೆ ಒಂದು ಹೆಚ್ಚಿನ ಮಾತು. ತಮಿಳುನಾಡಿನ ಹೊಸೂರು, ಕೃಷ್ಣಗಿರಿ ಭಾಗದ ಕಾಡುಗಳಿಂದ ಆನೆಗಳು ಮಾಲೂರು, ಬಂಗಾರಪೇಟೆ ತಾಲ್ಲೂಕುಗಳ ಗಡಿ ಹಳ್ಳಿಗಳಿಗೆ ಬರುವುದು ಹೊಸದೇನಲ್ಲ. ರಾಗಿ ತೆನೆ ಕಟ್ಟುವ ಕಾಲ ಮತ್ತು ರಾತ್ರಿ ಹೊತ್ತಿನ ನೀರಿನ ದಡ ಎರಡೂ ಅವುಗಳಿಗೆ ಇಷ್ಟ. ಗಡಿ ಕಡೆಯ ಊರಿನವರು "ಇವತ್ತು ಬೇಡ" ಎಂದರೆ ವಾದಿಸದೆ ವಾಪಸ್ ಬನ್ನಿ.

ಈಗ ನೀರಿನ ವಿಷಯ: ಮೂರು ಬಗೆಯ ನೀರು, ಮೂರು ಬಗೆಯ ತೊಂದರೆ

"ಕುದಿಸಿದರೆ ಸಾಕು" ಎಂಬ ಮಾತು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ತಿಳಿಯಲು ಕುದಿಸುವುದರಿಂದ ಏನಾಗುತ್ತದೆ ಎಂದು ನೋಡಬೇಕು. ಕುದಿಸಿದರೆ ಜೀವಿಗಳು ಸಾಯುತ್ತವೆ. ಭೇದಿ, ಟೈಫಾಯಿಡ್, ಕಾಮಾಲೆ ತರುವ ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿಗಳೆಲ್ಲವೂ. ಇದಕ್ಕೆ ಇಪ್ಪತ್ತು ನಿಮಿಷ ಕುದಿಸಬೇಕು ಎಂಬುದೂ ಒಂದು ನಂಬಿಕೆ. ಕೋಲಾರ ಸಮುದ್ರ ಮಟ್ಟದಿಂದ ಎಂಟುನೂರು ಮೀಟರ್‌ಗಿಂತ ಸ್ವಲ್ಪ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಅಷ್ಟು ಬಿಸಿ ಸಾಕು. ನೀರು ಉಕ್ಕಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಆಯಿತು. ಹೆಚ್ಚು ಹೊತ್ತು ಕುದಿಸಿದರೆ ಗ್ಯಾಸ್ ಖರ್ಚಾಗುತ್ತದೆ ಅಷ್ಟೇ. ಸ್ಫಟಿಕ ಆಡಿಸಿದರೆ ಮಣ್ಣು ತಳಕ್ಕೆ ಇಳಿದು ನೀರು ತಿಳಿಯಾಗುತ್ತದೆ, ಆದರೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಸ್ಫಟಿಕದ ನಂತರವೂ ಕುದಿಸಬೇಕು.

ಆದರೆ ನೀರಿನಲ್ಲಿ ಕರಗಿರುವ ಲವಣ, ಲೋಹ, ರಾಸಾಯನಿಕಗಳಿಗೆ ಕುದಿಯುವುದರಿಂದ ಏನೂ ಆಗುವುದಿಲ್ಲ. ನೀರು ಆವಿಯಾಗುತ್ತದೆ, ಅವು ಪಾತ್ರೆಯಲ್ಲೇ ಉಳಿಯುತ್ತವೆ. ಕೋಲಾರದಲ್ಲಿ ಕುದಿಸುವುದೊಂದೇ ಉತ್ತರವಾಗದಿರಲು ಕಾರಣ ಇದು.

ಮೊದಲನೆಯದು ಮಳೆ ನೀರಿನಿಂದ ತುಂಬಿದ ಹಳ್ಳಿಯ ಕೆರೆ. ಇಲ್ಲಿ ಕರಗಿದ ಲವಣ ಕಡಿಮೆ, ಆದರೆ ದನ ಇಳಿಯುತ್ತವೆ, ಬಟ್ಟೆ ಒಗೆಯುತ್ತಾರೆ, ಸುತ್ತಲಿನ ಬಯಲು ತೊಳೆದು ಬರುತ್ತದೆ. ಬಟ್ಟೆಯಲ್ಲಿ ಶೋಧಿಸಿ ಕುದಿಸಿದರೆ ರೋಗಾಣುಗಳ ಭಯ ಹೋಗುತ್ತದೆ. ತೋಟಗಳಿಗೆ ಹೊಡೆದ ಔಷಧ ಹರಿದು ಬಂದಿದ್ದರೆ ಅದು ಹೋಗುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹೂ ಬಿಡುವ ಕಾಲಕ್ಕೆ ಔಷಧ ಸಿಂಪಡಿಸುವುದು ಸಾಮಾನ್ಯ, ಆ ಕಾಲ ನಮ್ಮ ಟೆಂಟ್ ಋತುವಿನೊಳಗೇ ಬರುತ್ತದೆ.

ಎರಡನೆಯದು ಕೊಳವೆಬಾವಿಯ ನೀರು. ನೋಡಲು ಸ್ಫಟಿಕದಂತೆ ತಿಳಿ. ಕ್ಯಾಬಿನ್ ಬಾಡಿಗೆಗೆ ಕೊಡುವವರು "ನಮ್ಮದು ಸಾವಿರ ಅಡಿ ಬೋರ್ ನೀರು ಸಾರ್, ಏನೂ ಆಗಲ್ಲ" ಎನ್ನುತ್ತಾರೆ. ಯೋಚಿಸಬೇಕಾದದ್ದು ಆ ಸಾವಿರ ಅಡಿಯ ಬಗ್ಗೆಯೇ. ಕೋಲಾರದ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಆ ಶಿಲೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಆಳಕ್ಕೆ ಇಳಿದಂತೆ ಸಿಗುವುದು ಹೀಗೆ ಬಹುಕಾಲ ನಿಂತ ನೀರು. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಇದಕ್ಕಿಂತ ಹೆಚ್ಚಿದೆ, ಕೋಲಾರ ಫ್ಲೋರೋಸಿಸ್ ಬಾಧಿತ ಜಿಲ್ಲೆಗಳಲ್ಲೊಂದು.

ಇಂತಹ ನೀರನ್ನು ಕುದಿಸಿದರೆ? ಒಂದು ಲೀಟರ್ ನೀರಿನಲ್ಲಿ 1.8 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದುಕೊಳ್ಳಿ. ಕುದಿಸುವಾಗ ನೂರು ಮಿಲಿಲೀಟರ್ ಆವಿಯಾಗಿ ಹೋಯಿತು. ಉಳಿದ 900 ಮಿಲಿಲೀಟರಿನಲ್ಲಿ ಅದೇ 1.8 ಮಿಲಿಗ್ರಾಂ ಇರುತ್ತದೆ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ಕುದಿಸಿದ್ದರಿಂದ ಫ್ಲೋರೈಡ್ ಪ್ರಮಾಣ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಕ್ಲೋರಿನ್ ಮಾತ್ರೆ, ಮಾಮೂಲಿ ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಇವುಗಳಿಂದಲೂ ಫ್ಲೋರೈಡ್ ಹೋಗುವುದಿಲ್ಲ. ತೆಗೆಯಬಲ್ಲವು ಆರ್‌ಒ ಮತ್ತು ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್‌ಗಳು. ಸುಣ್ಣ, ಸ್ಫಟಿಕ ಸೇರಿಸಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವೂ ಇದೆ, ಆದರೆ ಅದಕ್ಕೆ ಅಳತೆ ಸರಿಯಿರಬೇಕು. ಟೆಂಟ್ ಪಕ್ಕ ಮಾಡುವ ಕೆಲಸ ಅದಲ್ಲ.

ಹಾಗೆಂದು ಗಾಬರಿ ಬೀಳಬೇಕಿಲ್ಲ. ಒಂದು ರಾತ್ರಿ, ಒಂದು ವಾರ ಇಂತಹ ನೀರು ಕುಡಿದರೆ ಫ್ಲೋರೋಸಿಸ್ ಬರುವುದಿಲ್ಲ. ಅದು ವರ್ಷಗಟ್ಟಲೆ ಕುಡಿದವರಿಗೆ ಬರುವ ಕಾಯಿಲೆ. ಹಲ್ಲು ರೂಪುಗೊಳ್ಳುವ ವಯಸ್ಸಿನ, ಅಂದರೆ ಸುಮಾರು ಎಂಟು ವರ್ಷದೊಳಗಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಬೀಳುತ್ತವೆ. ಇನ್ನೂ ಹೆಚ್ಚು ಪ್ರಮಾಣವನ್ನು ಬಹಳ ವರ್ಷ ಕುಡಿದವರಿಗೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಆದ್ದರಿಂದ ಕ್ಯಾಬಿನ್ನಿನಲ್ಲಿ ಫ್ಲೋರೈಡ್ ಪ್ರಶ್ನೆ ನಿಮಗಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳುವ ಕುಟುಂಬದ್ದು. ಅತಿಥಿಗಳಿಗೆ ಕ್ಯಾನ್ ನೀರು ಬರುತ್ತದೆ. ಔಟ್‌ಹೌಸಿನಲ್ಲಿರುವ ಕಾವಲಿನವರ ಮಕ್ಕಳು ಯಾವ ನೀರು ಕುಡಿಯುತ್ತಾರೆ? ಬುಕಿಂಗ್ ಮಾಡುವಾಗ ವೈಫೈ ಇದೆಯಾ ಎಂದು ಕೇಳುವ ನಾವು ಇದನ್ನೂ ಕೇಳಬಹುದು. ಅತಿಥಿಗಳು ಕೇಳಿದರೆ ಮಾಲೀಕರು ಒಂದು ಆರ್‌ಒ ಹಾಕಿಸುತ್ತಾರೆ, ಇಲ್ಲವೇ ಊರಿನ ಶುದ್ಧ ನೀರಿನ ಘಟಕದಿಂದ ಅವರಿಗೂ ಎರಡು ಕ್ಯಾನ್ ತರಿಸುತ್ತಾರೆ. ಅದಕ್ಕೆ ತಗಲುವ ಖರ್ಚು ಒಂದು ರಾತ್ರಿಯ ಬಾಡಿಗೆಯ ಮುಂದೆ ಏನೇನೂ ಅಲ್ಲ.

ಮೂರನೆಯದು ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ಪೈಪ್‌ನಲ್ಲಿ ತಂದು ಕೋಲಾರದ ಕೆರೆಗಳನ್ನು ತುಂಬಿಸುವ ಯೋಜನೆ ಇದು. ದಿನಕ್ಕೆ 440 ದಶಲಕ್ಷ ಲೀಟರ್ ನೀರು, 126 ಕೆರೆಗಳು ಎಂಬ ಗುರಿಯೊಂದಿಗೆ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಹರಿಯಿತು. ಮರು ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು ಗಲಾಟೆಯಾಯಿತು, ಪ್ರಕರಣ ಹೈಕೋರ್ಟಿಗೆ, ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ಆಮೇಲೆ ಮುಂದುವರಿಯಿತು. ಬತ್ತಿದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಬಂದಿದೆ ಎಂದು ರೈತರು ಹೇಳುತ್ತಾರೆ, ಅಂತರ್ಜಲ ಏರಿದೆ ಎಂದು ಅಧ್ಯಯನಗಳೂ ಹೇಳಿವೆ. ಮೂರನೇ ಹಂತದ ಸಂಸ್ಕರಣೆಯೂ ಆಗಲಿ ಎಂಬ ಜಿಲ್ಲೆಯ ಹೋರಾಟಗಾರರ ಒತ್ತಾಯ ನಿಂತಿಲ್ಲ. ಎರಡೂ ಮಾತಿಗೆ ಆಧಾರವಿದೆ ಎಂದೇ ನಮ್ಮ ಅಭಿಪ್ರಾಯ.

ಆದರೆ ಟೆಂಟ್ ಹಾಕುವವರ ಪ್ರಶ್ನೆ ಅಷ್ಟು ಜಟಿಲವಲ್ಲ. ಎರಡನೇ ಹಂತದ ಸಂಸ್ಕರಣೆ ಕೊಳೆಯುವ ಸಾವಯವ ವಸ್ತುವಿನ ಬಹುಪಾಲನ್ನು ತೆಗೆಯುತ್ತದೆ. ರೋಗಾಣುಗಳನ್ನು, ಸಾರಜನಕ ಮತ್ತು ರಂಜಕವನ್ನು, ಸೋಪು-ಔಷಧಗಳ ಉಳಿಕೆಯನ್ನು ಪೂರ್ತಿ ತೆಗೆಯುವುದಿಲ್ಲ. ಈ ನೀರನ್ನು ಕುಡಿಯಲು ಕೊಡುತ್ತೇವೆ ಎಂದು ಸರ್ಕಾರವೂ ಹೇಳಿಲ್ಲ. ಸಾರಜನಕ, ರಂಜಕ ಹೆಚ್ಚಿದ್ದರೆ ಪಾಚಿ ಬೆಳೆಯುತ್ತದೆ. ಹಸಿರು ಬಣ್ಣ ಚೆಲ್ಲಿದಂತೆ ಕಾಣುವ ನೀಲಿ-ಹಸಿರು ಪಾಚಿಯ ಕೆಲವು ಬಗೆಗಳು ಯಕೃತ್ತಿಗೆ ಹಾನಿ ಮಾಡುವ ವಿಷ ತಯಾರಿಸುತ್ತವೆ. ಕುದಿಸಿದರೆ ಪಾಚಿಯ ಕೋಶ ಒಡೆದು ಆ ವಿಷ ನೀರಿಗೆ ಇನ್ನಷ್ಟು ಬಿಡುಗಡೆಯಾಗಬಹುದು. ಅಂತಹ ನೀರನ್ನು ಕುದಿಸಿಯೂ ಕುಡಿಯಬಾರದು, ನಾಯಿಗೂ ಕುಡಿಸಬಾರದು.

ಯಾವ ಕೆರೆಗೆ ಯಾವ ನೀರು ಎಂದು ತಿಳಿಯುವುದು ಹೇಗೆ? ಊರಿನಲ್ಲಿ ಕೇಳಿದರೆ ಮಕ್ಕಳೂ ಹೇಳುತ್ತಾರೆ. ಇನ್ನೊಂದು ಸುಳಿವು: ಇಲ್ಲಿ ಬೇಸಿಗೆ ಬಂದರೆ ಮಳೆಯ ಕೆರೆಗಳು ಇಳಿಯುತ್ತವೆ. ಏಪ್ರಿಲ್‌ನಲ್ಲೂ ಅಂಚಿನವರೆಗೆ ತುಂಬಿ ನಿಂತ ಕೆರೆ ಕಂಡರೆ, ಮೊದಲು ವಿಚಾರಿಸಿ ಆಮೇಲೆ ಇಳಿಯಿರಿ. ಇನ್‌ಸ್ಟಾಗ್ರಾಂನಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಅಂತಹ ಕೆರೆಗಳೇ ಎಂಬುದು ಬೇರೆ ಮಾತು. ದಡದಲ್ಲಿ ಕೂತು ಸೂರ್ಯಾಸ್ತ, ಹಕ್ಕಿಗಳನ್ನು ನೋಡಲು ಏನೂ ಅಡ್ಡಿಯಿಲ್ಲ.

ಕೋಲಾರ ಪಟ್ಟಣದ ಪಕ್ಕದ ಅಂತರಗಂಗೆ ಬೆಟ್ಟದ ಚಿಲುಮೆಯ ಬಗ್ಗೆಯೂ ಕೇಳುವವರಿದ್ದಾರೆ. ಕಲ್ಲಿನ ಬಸವನ ಬಾಯಿಂದ ಸದಾ ಹರಿಯುವ ನೀರು ಎಂದು ಅದು ಪ್ರಸಿದ್ಧ. ತೀರ್ಥವಾಗಿ ಅಂಗೈಯಲ್ಲಿ ತೆಗೆದುಕೊಳ್ಳುವುದು ಅವರವರ ನಂಬಿಕೆ, ಅದರ ಬಗ್ಗೆ ನಾವು ಹೇಳುವುದಿಲ್ಲ. ಆದರೆ "ಹರಿಯುವ ನೀರು ಶುದ್ಧ" ಎಂದು ಚಾರಣಕ್ಕೆ ಬಾಟಲಿ ತುಂಬಿಸಿಕೊಳ್ಳುವ ಮುನ್ನ ಒಂದು ವಿಷಯ ಗೊತ್ತಿರಲಿ. ಮಣ್ಣು, ಮರಳಿನ ದಪ್ಪ ಪದರದಲ್ಲಿ ಜಿನುಗುವ ನೀರು ಸೋಸಿಕೊಳ್ಳುತ್ತದೆ. ಬಂಡೆಯ ಬಿರುಕಿನಲ್ಲಿ ಹರಿಯುವ ನೀರಿಗೆ ಆ ಸೋಸುವಿಕೆ ಅಷ್ಟಾಗಿ ಸಿಗುವುದಿಲ್ಲ. ಮೇಲಿನ ಬೆಟ್ಟದಲ್ಲಿ ಕೋತಿ, ದನ, ಮನುಷ್ಯರು ಏನು ಬಿಟ್ಟಿರುತ್ತಾರೋ ಅದರ ಪಾಲು ಕೆಳಗೆ ಬರಬಹುದು. ಈ ನೀರಿಗೆ ಮಾತ್ರ ಕುದಿಸುವುದು ಸರಿಯಾದ ಉತ್ತರ.

ಒಟ್ಟಿನಲ್ಲಿ ಸುಲಭದ ದಾರಿ: ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಲೆಕ್ಕದಲ್ಲಿ ನೀರು ಒಯ್ಯಿರಿ, ಅಥವಾ ಹತ್ತಿರದ ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಿ. ಕರೆಂಟ್ ಇಲ್ಲದ ಹೊತ್ತು ಘಟಕ ನಡೆಯುವುದಿಲ್ಲ, ಸಂಜೆಗೆ ಕಾಯಬೇಡಿ.

ಈಜು

ಬೇಡ ಎನ್ನುವುದಕ್ಕೆ ಕೊಳಚೆಯೊಂದೇ ಕಾರಣವಲ್ಲ. ಹೂಳು ತೆಗೆಯಲು, ಇಟ್ಟಿಗೆಗೆ ಮಣ್ಣು ತೆಗೆಯಲು ಅಗೆದ ಗುಂಡಿಗಳು ನೀರಿನಡಿಯಲ್ಲಿ ಕಾಣುವುದಿಲ್ಲ. ಮೊಣಕಾಲಿನವರೆಗಿದ್ದ ನೀರು ಮುಂದಿನ ಹೆಜ್ಜೆಯಲ್ಲಿ ತಲೆ ಮುಳುಗುವಷ್ಟಾಗುತ್ತದೆ, ಕೆಳಗೆ ಕಾಲು ಹಿಡಿಯುವ ಕೆಸರು. ಈಜು ಬರುವವರೂ ಇಂತಹ ಕಡೆ ಸಾಯುತ್ತಾರೆ, ಅವರನ್ನು ಎಳೆಯಲು ಹೋದವರೂ ಸಾಯುತ್ತಾರೆ. ಯಾರಾದರೂ ಬಿದ್ದರೆ ಇಳಿಯಬೇಡಿ. ಹಗ್ಗ, ಪಂಚೆ, ಬಿದಿರು, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಏನಾದರೂ ತೇಲುವುದನ್ನು ಎಸೆಯಿರಿ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯುವುದೂ ಬೇಡ. ಇಲಿಜ್ವರದ ಬ್ಯಾಕ್ಟೀರಿಯಾ ಒಡೆದ ಚರ್ಮದ ಮೂಲಕ ಒಳಹೋಗುತ್ತದೆ.

ಉಪ್ಪಿನ ಗೆರೆ ಹಾವನ್ನು ತಡೆಯುತ್ತದೆಯೇ?

ಇಲ್ಲ. ಉಪ್ಪು, ಬೆಳ್ಳುಳ್ಳಿ ನೀರು, ಫಿನಾಯಿಲ್, ಸೀಮೆಎಣ್ಣೆ ಯಾವುದೂ ನಂಬಿ ಮಲಗುವಂತಹ ತಡೆಯಲ್ಲ. ಹಾವು ಬರುವುದು ಇಲಿ, ಕಪ್ಪೆಗಾಗಿ. ಇಲಿ ಬರುವುದು ನೀವು ಚೆಲ್ಲಿದ ಅನ್ನಕ್ಕಾಗಿ. ಉಪ್ಪು ಎರಚುವ ಬದಲು ಎಂಜಲನ್ನು ಡಬ್ಬಿಯಲ್ಲಿ ಮುಚ್ಚಿಡುವುದು ಹೆಚ್ಚು ಕೆಲಸ ಮಾಡುತ್ತದೆ.

ನಮ್ಮಲ್ಲಿ ಹೆಚ್ಚು ಸಾವಿಗೆ ಕಾರಣವಾಗುವ ನಾಲ್ಕು ಹಾವುಗಳೆಂದರೆ ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲ ಮತ್ತು ಕಟ್ಟುಹಾವು. ಟೆಂಟಿನವರು ಕಟ್ಟುಹಾವಿನ ಬಗ್ಗೆ ತಿಳಿದಿರಬೇಕು. ಅದು ಓಡಾಡುವುದು ರಾತ್ರಿ, ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಸುಕಿನಲ್ಲಿ ಹೊಟ್ಟೆ ನೋವು, ಕಣ್ಣು ರೆಪ್ಪೆ ಜೋತು ಬೀಳುವುದು, ನುಂಗಲು ಕಷ್ಟ ಎಂದರೆ "ರಾತ್ರಿ ತಿಂದದ್ದು ಹೆಚ್ಚಾಯಿತು" ಎಂದು ಕೂರಬೇಡಿ. ತಳ ಹೊಲಿದಿರುವ, ಜಿಪ್ ಪೂರ್ತಿ ಮುಚ್ಚುವ ಟೆಂಟ್ ಒಳ್ಳೆಯ ರಕ್ಷಣೆ. ಶೂ ಹೊರಗಿಟ್ಟಿದ್ದರೆ ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಮೂತ್ರಕ್ಕೆ ಎದ್ದರೆ ಟಾರ್ಚ್ ಬೇಕೇ ಬೇಕು.

ಕಚ್ಚಿದರೆ ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಔಷಧ ಹುಡುಕುವುದು ಎಲ್ಲವೂ ಹಾನಿ. ಕೈಕಾಲು ಅಲ್ಲಾಡದಂತೆ ಇಟ್ಟು, ಉಂಗುರ-ಗಡಿಯಾರ ತೆಗೆದು ಆಸ್ಪತ್ರೆಗೆ ಹೊರಡಿ. ಹಾವನ್ನು ಹಿಡಿದು ತರಬೇಕಿಲ್ಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಕೊಡುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಉಳಿದ ಮೂರು ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ದಾರಿಯನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಸೊಳ್ಳೆಯ ವಿಷಯವೂ ಇಲ್ಲಿ ಸಣ್ಣದಲ್ಲ. ಕೋಲಾರ ಜಿಲ್ಲೆ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಒಂದು ಬಗೆಯ ಮೆದುಳು ಜ್ವರಕ್ಕೆ ದಶಕಗಳಿಂದ ಹೆಸರಾದದ್ದು. ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಗದ್ದೆ, ಕೆರೆಯಂಚಿನ ನಿಂತ ನೀರಿನಲ್ಲಿ ಹುಟ್ಟುತ್ತದೆ, ಕಚ್ಚುವುದು ಮುಸ್ಸಂಜೆಯಿಂದ ರಾತ್ರಿಯವರೆಗೆ. ಬೆಂಕಿಯ ಹೊಗೆ ಗಾಳಿ ಬೀಸಿದ ಕಡೆ ಹೋಗುತ್ತದೆ, ಸೊಳ್ಳೆ ಇನ್ನೊಂದು ಕಡೆಯಿಂದ ಬರುತ್ತದೆ. ತುಂಬು ತೋಳಿನ ಅಂಗಿ, ಡೀಟ್ ಇರುವ ಮುಲಾಮು, ಮುಚ್ಚಿದ ಜಿಪ್ ಇವೇ ಸರಿ. ಈ ಜಿಲ್ಲೆಯಲ್ಲಿ ಮಕ್ಕಳಿಗೆ ಇದರ ಲಸಿಕೆ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲೇ ಇದೆ.

ಕೆಂಡ ಒಳಗಿಟ್ಟರೆ?

ಡಿಸೆಂಬರ್, ಜನವರಿಯಲ್ಲಿ ಕೋಲಾರದ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ನೀರಿನ ಪಕ್ಕ ಇನ್ನೂ ತಣ್ಣಗೆ. ಬಾರ್ಬೆಕ್ಯೂ ಮುಗಿದ ಮೇಲೆ ಉಳಿದ ಕೆಂಡದ ತಟ್ಟೆಯನ್ನು ಟೆಂಟಿನೊಳಗೆ ಅಥವಾ ಕ್ಯಾಬಿನ್ನಿನೊಳಗೆ ಇಟ್ಟುಕೊಳ್ಳುವ ಐಡಿಯಾ ಬರುವುದು ಆಗಲೇ. ಹೊಗೆ ಇಲ್ಲವಲ್ಲ ಎಂಬುದು ಧೈರ್ಯ. ಅಪಾಯ ಇರುವುದು ಹೊಗೆಯಲ್ಲಿ ಅಲ್ಲ. ಕೆಂಡ ಉರಿಯುವಾಗ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇಲ್ಲ. ಮಲಗಿದವರಿಗೆ ತಲೆನೋವೂ ತಿಳಿಯುವುದಿಲ್ಲ. "ಸ್ವಲ್ಪ ಜಿಪ್ ತೆಗೆದಿಟ್ಟರೆ ಆಯಿತು" ಎಂಬುದನ್ನೂ ನಂಬಬೇಡಿ. ಕ್ಯಾಬಿನ್ನಿನ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದೂ ಇದೇ ಅನಿಲದಿಂದ ಕೊಲ್ಲುತ್ತದೆ. ಸಿಲಿಂಡರ್ ಎಲ್ಲಿದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿ ಆಮೇಲೆ ಸ್ನಾನ ಮಾಡಿ. ಚಳಿಗೆ ಇನ್ನೊಂದು ಕಂಬಳಿ, ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಗೆ ಕಾಲುಚೀಲ ಹಾಕಿ ಹಾಸಿಗೆಯಲ್ಲಿ ಇಟ್ಟುಕೊಳ್ಳುವುದು, ಇಷ್ಟು ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರಿಗೆ ಚಳಿಯ ಬದಲು ಸಿಡಿಲಿನ ಭಯ. ಬಯಲಿನ ಒಂಟಿ ಹುಣಸೆ ಮರದಡಿಯಾಗಲಿ, ಟೆಂಟಿನೊಳಗಾಗಲಿ ರಕ್ಷಣೆ ಇಲ್ಲ. ಗುಡುಗು ಕೇಳಿದ ಕೂಡಲೇ ಕಾರಿನೊಳಗೆ ಕೂತು ಗಾಜು ಏರಿಸಿ. ಕಾಪಾಡುವುದು ರಬ್ಬರ್ ಟೈರ್ ಅಲ್ಲ, ವಿದ್ಯುತ್ತನ್ನು ಹೊರಮೈಯಲ್ಲೇ ನೆಲಕ್ಕೆ ಸಾಗಿಸುವ ಕಾರಿನ ಲೋಹದ ಹೊದಿಕೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ "ಸಿಡಿಲು" ಆ್ಯಪ್ ಹಾಕಿಕೊಂಡಿರಿ.

ಹೊರಡುವ ಮುನ್ನ

ಪಾತ್ರೆಯನ್ನು, ಮೈಯನ್ನು ಸೋಪು ಹಾಕಿ ಕೆರೆಯಲ್ಲಿ ತೊಳೆಯಬೇಡಿ. ನೀರನ್ನು ಮೊಗೆದು ದೂರ ಒಯ್ದು ತೊಳೆಯಿರಿ. ಶೌಚಕ್ಕೆ ನೀರಿನಿಂದ ಕನಿಷ್ಠ ಅರವತ್ತು ಮೀಟರ್ ದೂರ ಹೋಗಿ, ಒಂದು ಗೇಣು ಗುಂಡಿ ತೋಡಿ ಮುಚ್ಚಿ. ಬೆಳಿಗ್ಗೆ ಅದೇ ದಡಕ್ಕೆ ಕುರಿ, ದನ ನೀರಿಗೆ ಬರುತ್ತವೆ. ಬಂಗಾರಪೇಟೆ ಕಡೆಯ ಯರಗೋಳ್ ಜಲಾಶಯವನ್ನಂತೂ ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳ ಕುಡಿಯುವ ನೀರಿಗೆಂದೇ ಕಟ್ಟಿರುವುದು.

ಕೊನೆಯದಾಗಿ ಫೋನ್. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಊರುಗಳಲ್ಲಿ ಮೊಬೈಲ್ ಆಂಧ್ರದ ಟವರ್ ಹಿಡಿಯುವುದುಂಟು, ಮಾಲೂರಿನ ಗಡಿಯಲ್ಲಿ ತಮಿಳುನಾಡಿನದ್ದು. 108ಕ್ಕೆ ಕರೆ ಮಾಡಿದರೆ ಮೊದಲು ರಾಜ್ಯ ಮತ್ತು ತಾಲ್ಲೂಕು ಹೇಳಿ, ಆಮೇಲೆ ಊರು, ಕೆರೆಯ ಹೆಸರು, ಏರಿಯ ಯಾವ ಬದಿ ಎಂದು ಹೇಳಿ. ಇವನ್ನು ಸಂಜೆಯೇ ಒಂದು ಚೀಟಿಯಲ್ಲಿ ಬರೆದು ಟಾರ್ಚಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡಿ, ಗಾಬರಿಯಲ್ಲಿ ಊರಿನ ಹೆಸರು ನೆನಪಿಗೆ ಬರುವುದಿಲ್ಲ.